ಕಳೆದುಹೋದ ಪಿಟೀಲು, ಉಳಿದುಕೊಂಡ ಸಾವಿರ ಜೀವ



ಪ್ರತಿ ಸಲ ಈ ಹಾಳೆಯಲ್ಲಿ ನಮ್ಮ ಹಾಡು, ನಮ್ಮ ಹಾಡುಗಾರರ ಬಗ್ಗೆ ಓದುತ್ತೀರಿ. ಈ ಸಲ ಸ್ವಲ್ಪ ದೂರ ಹೋಗಿ ಬರೋಣವೇ? ಪೋಲೆಂಡಿಗೆ! ಗಾಬರಿಯಾಗಬೇಡಿ, ಅಲ್ಲಿ ನಮಗೆ ಎದುರಾಗುವುದು ನಿಮಗೆ ಚೆನ್ನಾಗಿ ಗೊತ್ತಿರುವ ವಾದ್ಯವೇ. ಪಿಟೀಲು. ಸಭೆಯ ಕೊನೇ ಸಾಲಿನವರಿಗೂ ಕೇಳಲಿ ಎಂದು ನಮ್ಮ ಮೈಸೂರಿನ ಚೌಡಯ್ಯನವರು ಏಳು ತಂತಿ ಬಿಗಿದು ನುಡಿಸಿದರಲ್ಲ, ಅದೇ ಪಿಟೀಲು. ನುಡಿಸಿದವರ ಹೆಸರು ಬ್ರೊನಿಸ್ಲಾವ್ ಹುಬರ್ಮನ್.

ಒಬ್ಬ ಸಂಗೀತಗಾರರ ವೃತ್ತಿಜೀವನವನ್ನು ಅಳೆಯುವುದು ಹೇಗೆ? ಎಷ್ಟು ಕಚೇರಿ, ಎಷ್ಟು ರೆಕಾರ್ಡು, ಎಷ್ಟು ಬಿರುದು ಎಂದು ಲೆಕ್ಕ ಹಾಕುವುದು ವಾಡಿಕೆ. ಆ ಲೆಕ್ಕದಲ್ಲೂ ಹುಬರ್ಮನ್ ದೊಡ್ಡವರೇ. ಆದರೆ ಅವರ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ಬಾಲ್ಯದಿಂದ ಕೂಡಿಟ್ಟ ಹೆಸರನ್ನು ಅವರು ಕೊನೆಗೆ ಯಾವುದಕ್ಕೆ ಖರ್ಚು ಮಾಡಿದರು ಎಂಬ ಲೆಕ್ಕ. ಈ ಲೇಖನ ಅದರ ಬಗ್ಗೆ.

ಮೊದಲು ಒಂದೆರಡು ಮಾತು

ನಮ್ಮ ಕಚೇರಿಗಳಲ್ಲಿ ಪಿಟೀಲು ಹೆಚ್ಚಾಗಿ ಪಕ್ಕವಾದ್ಯ. ಚೆನ್ನೈನಲ್ಲಿರುವವರು ಡಿಸೆಂಬರ್ ಸೀಸನ್‌ನಲ್ಲಿ ನೋಡಿಯೇ ಇರುತ್ತೀರಿ. ಹಾಡುವವರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತುದಿಯನ್ನು ಕಾಲಿಗೆ ಆನಿಸಿಕೊಂಡು ನುಡಿಸುತ್ತಾರೆ. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಪಿಟೀಲುಗಾರ ನಿಂತು ನುಡಿಸಬೇಕು. ವಾದ್ಯ ಗಲ್ಲಕ್ಕೂ ಭುಜಕ್ಕೂ ನಡುವೆ. ಹಿಂದೆ ಅರವತ್ತು ಎಪ್ಪತ್ತು ಜನರ ಆರ್ಕೆಸ್ಟ್ರಾ. (ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ಆರ್ಕೆಸ್ಟ್ರಾ ಅಲ್ಲ ಮಾರಾಯ್ರೇ!) ಮೈಕು ಇಲ್ಲ. ಅಷ್ಟು ವಾದ್ಯಗಳ ಮೇಲೆ ತನ್ನ ನಾಲ್ಕು ತಂತಿಯ ದನಿಯನ್ನು ಒಬ್ಬನೇ ಎತ್ತಿ ನಿಲ್ಲಿಸಬೇಕು.

ಹೀಗೆ ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಹಿಂದೆ ನಿಂತು ಮಾತುಕತೆ ನಡೆಸುವ ಕೃತಿಗೆ 'ಕಾನ್ಸರ್ಟೋ' ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ಭಾಗ, ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೃತಿ. ನಡುವೆ ಒಂದು ಕಡೆ ಆರ್ಕೆಸ್ಟ್ರಾ ಪೂರ್ತಿ ಸುಮ್ಮನಾಗುತ್ತದೆ, ಪಿಟೀಲು ಒಂದೇ ನುಡಿಯುತ್ತದೆ. ಅದಕ್ಕೆ 'ಕಡೆನ್ಸಾ' ಎಂದು ಹೆಸರು. ನಮ್ಮ ಕಚೇರಿಯಲ್ಲಿ ಮೃದಂಗದ ತನಿ ಆವರ್ತನ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ ಅಂದುಕೊಳ್ಳಿ. ಇಷ್ಟು ಗೊತ್ತಿದ್ದರೆ ಮುಂದಿನ ಕತೆಗೆ ಸಾಕು.

ಭೂಪಟದಲ್ಲಿಲ್ಲದ ದೇಶದ ಹುಡುಗ

ಹುಬರ್ಮನ್ ಹುಟ್ಟಿದ್ದು 1882ರ ಡಿಸೆಂಬರ್ 19ರಂದು, ಚೆಂಸ್ಟೊಹೋವಾ ಎಂಬ ಊರಿನಲ್ಲಿ. ಕಪ್ಪು ಮೇರಿಮಾತೆಯ ಚಿತ್ರಪಟ ಇರುವ ಮಠದಿಂದಾಗಿ ಪೋಲೆಂಡಿನ ಕ್ಯಾಥೊಲಿಕರಿಗೆ ಅದು ದೊಡ್ಡ ಯಾತ್ರಾಸ್ಥಳ. ಹುಬರ್ಮನ್ ಮನೆಯವರು ಮಾತ್ರ ಯಹೂದಿಗಳು. ಇನ್ನೊಂದು ಸೋಜಿಗ ನೋಡಿ, ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ! ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಸೇರಿ ಅದನ್ನು ಹಂಚಿಕೊಂಡಿದ್ದರು. ಚೆಂಸ್ಟೊಹೋವಾ ಬಿದ್ದದ್ದು ರಷ್ಯಾದ ಪಾಲಿಗೆ. ಪೋಲೆಂಡ್ ಮತ್ತೆ ಸ್ವತಂತ್ರವಾದದ್ದು 1918ರಲ್ಲಿ. ಭಾಷೆ ಇದೆ, ಹಾಡು ಇದೆ, ನೆನಪು ಇದೆ, ರಾಜ್ಯ ಮಾತ್ರ ಇಲ್ಲ. 1956ಕ್ಕೆ ಮುಂಚೆ ಐದಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರ ಮನೆಗಳಲ್ಲಿ ಹಿರಿಯರು ಇದ್ದರೆ ಕೇಳಿ ನೋಡಿ, ಈ ಮಾತು ಅವರಿಗೆ ತಟ್ಟನೆ ಅರ್ಥವಾಗುತ್ತದೆ.

ಹುಡುಗ ವಾರ್ಸಾದಲ್ಲಿ ಪಾಠ ಶುರು ಮಾಡಿದ. ಒಂಬತ್ತು ವರ್ಷವಾದಾಗ, 1892ರಲ್ಲಿ, ಬರ್ಲಿನ್‌ಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಯೋಸೆಫ್ ಯೋಆಖಿಮ್, ಆ ಕಾಲದ ಯುರೋಪಿನಲ್ಲಿ ಪಿಟೀಲಿನ ಭೀಷ್ಮ. ಬಾಲಪ್ರತಿಭೆಗಳ ಬಗ್ಗೆ ಅವರಿಗೆ ಅಷ್ಟೇನೂ ಒಲವಿರಲಿಲ್ಲ. ಆದರೆ ಈ ಪೋರ ನುಡಿಸಿದ್ದು ಕೇಳಿ ಮನಸ್ಸು ಬದಲಾಯಿಸಿದರು. ಅವರ ಆಸರೆಯಲ್ಲಿ ಹುಡುಗ ಕಲಿತದ್ದು ಹೆಚ್ಚು ಕಾಲವೇನೂ ಅಲ್ಲ. ಬೇಗನೇ ಹಾಲೆಂಡ್, ಬೆಲ್ಜಿಯಂ ಎಂದು ಕಚೇರಿ ತಿರುಗಾಟ ಶುರುವಾಯಿತು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ರೈಲು, ಹೋಟೆಲು, ವೇದಿಕೆ. ಬಾಲಪ್ರತಿಭೆ ಎಂಬ ಮಾತಿನ ಹಿಂದೆ ಹೀಗೊಂದು ದುಡಿಮೆ ಇರುತ್ತದೆ, ನಾವು ಚಪ್ಪಾಳೆ ತಟ್ಟುವಾಗ ಅದು ಕಾಣುವುದಿಲ್ಲ.

ಬ್ರಾಮ್ಸ್ ಎದುರು

ಆಗ ಅಡೆಲಿನಾ ಪಾಟಿ ಎಂಬ ಮಹಾ ಗಾಯಕಿಯಿದ್ದರು, ಯುರೋಪನ್ನೇ ಆಳಿದ ಕಂಠ. ತಮ್ಮ ವಿದಾಯದ ಕಚೇರಿಗಳಲ್ಲಿ ನುಡಿಸಲು ಅವರು ಈ ಹುಡುಗನನ್ನು ಕರೆದರು. 1895ರ ಜನವರಿಯಲ್ಲಿ ವಿಯೆನ್ನಾದಲ್ಲಿ ಅಂಥ ಒಂದು ಕಚೇರಿ. ಜನ ಬಂದದ್ದು ಪಾಟಿಯನ್ನು ಕೇಳಲು. ಎದ್ದು ಹೋಗುವಾಗ ಮಾತಾಡಿಕೊಂಡದ್ದು ಹನ್ನೆರಡು ವರ್ಷದ ಪಿಟೀಲುಗಾರನ ಬಗ್ಗೆ!

ಮರುವರ್ಷ, 1896ರಲ್ಲಿ, ಅದೇ ವಿಯೆನ್ನಾದಲ್ಲಿ ಹುಡುಗ ಬ್ರಾಮ್ಸ್ ಅವರ ಪಿಟೀಲು ಕಾನ್ಸರ್ಟೋ ನುಡಿಸುವುದೆಂದು ಗೊತ್ತಾಯಿತು. ಇದು ಸಣ್ಣ ಮಾತಲ್ಲ. ಬ್ರಾಮ್ಸ್ ಆ ಕೃತಿಯನ್ನು ತಮ್ಮ ಗೆಳೆಯ ಯೋಆಖಿಮ್‌ಗಾಗಿ ಬರೆದಿದ್ದರು, 1879ರ ಹೊಸ ವರ್ಷದ ದಿನ ಲೈಪ್‌ಜಿಗ್‌ನಲ್ಲಿ ಅದನ್ನು ಮೊದಲು ನುಡಿಸಿದವರೂ ಯೋಆಖಿಮ್. ದೊಡ್ಡವರೇ ಬೆವರುವ ಕೃತಿ. ಅದನ್ನು ಹದಿಮೂರರ ಪೋರ ನುಡಿಸುತ್ತಾನೆ, ಅದೂ ಬ್ರಾಮ್ಸ್ ಸಭೆಯಲ್ಲಿ ಕುಳಿತಿರುವಾಗ!

ಅಲ್ಲಿ ನಡೆದದ್ದನ್ನು ಬ್ರಾಮ್ಸ್ ಅವರ ಜೀವನಚರಿತ್ರೆ ಬರೆದ ಮಾಕ್ಸ್ ಕಾಲ್ಬೆಕ್ ದಾಖಲಿಸಿದ್ದಾರೆ. ಕಡೆನ್ಸಾ ಮುಗಿಯುತ್ತಿದ್ದಂತೆ ಜನ ತಡೆಯಲಾರದೆ ಚಪ್ಪಾಳೆ ಹೊಡೆದರಂತೆ. ಅದರ ಹಿಂದೆಯೇ ಬರುವ ಮೆಲುದನಿಯ ಸೊಗಸಾದ ಭಾಗ ಆ ಗದ್ದಲದಲ್ಲಿ ಮುಳುಗಿಹೋಯಿತು. ಹುಡುಗನಿಗೆ ಬೇಜಾರು. ಆಮೇಲೆ ಹಾಗೆಂದು ಹೇಳಿಕೊಂಡಾಗ ಬ್ರಾಮ್ಸ್, ನೀನು ಕಡೆನ್ಸಾವನ್ನು ಅಷ್ಟು ಚೆನ್ನಾಗಿ ನುಡಿಸಬಾರದಿತ್ತು ಎಂದು ಸಮಾಧಾನ ಹೇಳಿದರಂತೆ. ಹೊಗಳಿಕೆ ಎಂದರೆ ಇದು, ಅಲ್ಲವೇ? ನಿಮಗೆ ಇಷ್ಟು ಗಮನದಲ್ಲಿರಲಿ: ಚಪ್ಪಾಳೆ ಬಿದ್ದಾಗ ಹಿಗ್ಗದೆ, ಅದರಡಿ ಮುಚ್ಚಿಹೋದ ಸಂಗೀತಕ್ಕಾಗಿ ನೊಂದುಕೊಂಡ ಹುಡುಗ ಇವನು.

ದೊಡ್ಡ ಹೆಸರು, ಒರಟು ನಾದ

ಎಷ್ಟೋ ಬಾಲಪ್ರತಿಭೆಗಳು ಮೀಸೆ ಮೂಡುವಷ್ಟರಲ್ಲಿ ಮಾಯವಾಗುತ್ತವೆ. ಹುಬರ್ಮನ್ ಹಾಗಾಗಲಿಲ್ಲ. ಯುರೋಪ್, ರಷ್ಯಾ, ಅಮೆರಿಕ ಎಲ್ಲ ಕಡೆ ಅವರ ಕಚೇರಿ ಎಂದರೆ ಟಿಕೆಟ್ ಸಿಗದ ಸ್ಥಿತಿ. ಪಗನೀನಿ ತೀರಿಕೊಳ್ಳುವ ಮುನ್ನ ತನ್ನ ಪಿಟೀಲನ್ನು ಇಟಲಿಯ ಜೆನೋವಾ ನಗರಕ್ಕೆ ಬಿಟ್ಟುಹೋಗಿದ್ದ. ಕಂಡಕಂಡವರ ಕೈಗೆ ಕೊಡದ ಆ ವಾದ್ಯವನ್ನು ನುಡಿಸುವ ಗೌರವವೂ ಹುಬರ್ಮನ್‌ಗೆ ಸಿಕ್ಕಿತು.

ಹಾಗೆಂದು ಎಲ್ಲರೂ ಅವರನ್ನು ಮೆಚ್ಚುತ್ತಿದ್ದರು ಎಂದುಕೊಳ್ಳಬೇಡಿ. ಕಾರ್ಲ್ ಫ್ಲೆಶ್ ಎಂಬ ಹೆಸರಾಂತ ಗುರು ಹುಬರ್ಮನ್ ಶೈಲಿಯನ್ನು ಒಪ್ಪಲೇ ಇಲ್ಲ. ಕಾರಣವಿತ್ತು. ಹುಬರ್ಮನ್ ನಾದ ಯಾವಾಗಲೂ ಜೇನು ಸುರಿದಂತೆ ಇರುತ್ತಿರಲಿಲ್ಲ. ಭಾವ ಬೇಡಿದರೆ ಕಮಾನನ್ನು ತಂತಿಗೆ ಒತ್ತಿ ಗೀರುವ ದನಿ ಬಂದರೂ ಸರಿ ಎನ್ನುತ್ತಿದ್ದರು. ಮರುಕ್ಷಣ ಪಿಸುಮಾತಿಗಿಂತ ಮೆಲ್ಲಗೆ ಇಳಿಯುತ್ತಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರಿಸಿಕೊಂಡು ಹೋಗುವುದು ಅವರಿಗೆ ಬಲು ಇಷ್ಟ. ನಮ್ಮ ಕಿವಿಗೆ 'ಜಾರು' ಗಮಕ ಹೊಸದೇನಲ್ಲ, ಹಾಗಾಗಿ ಹುಬರ್ಮನ್ ನಮಗೆ ಬೇಗ ಹತ್ತಿರವಾಗುತ್ತಾರೆ. ಪಾಶ್ಚಾತ್ಯ ಪಿಟೀಲುಗಾರರಲ್ಲಿ ಮುಂದಿನ ತಲೆಮಾರು ಅದನ್ನು ಬಹಳಷ್ಟು ಬಿಟ್ಟುಬಿಟ್ಟಿತು.

ಮೊದಲ ಮಹಾಯುದ್ಧ ಅವರನ್ನು ಬದಲಾಯಿಸಿತು. ನಿನ್ನೆಯವರೆಗೆ ತನ್ನ ಕಚೇರಿಗೆ ಬಂದು ಒಂದೇ ಸಂಗೀತಕ್ಕೆ ಕಣ್ಣೀರು ಹಾಕಿದ ಜನ ಇವತ್ತು ಕಂದಕಗಳಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾರೆ! ಯುರೋಪಿನ ದೇಶಗಳೆಲ್ಲ ಒಂದು ಒಕ್ಕೂಟವಾಗಬೇಕು ಎನ್ನುವ 'ಪ್ಯಾನ್ ಯುರೋಪ್' ಚಳವಳಿಗೆ ಅವರು ಸೇರಿಕೊಂಡರು. ಭಾಷಣ ಮಾಡಿದರು, 1925ರಲ್ಲೂ 1932ರಲ್ಲೂ ಅದರ ಬಗ್ಗೆ ಪುಸ್ತಕ ಬರೆದರು. ಪಿಟೀಲು ನುಡಿಸುವವರಿಗೆ ರಾಜಕೀಯ ಏಕೆ ಎಂದು ನಕ್ಕವರಿಗೆ ಕಡಿಮೆಯಿರಲಿಲ್ಲ.

'ಬರುವುದಿಲ್ಲ'

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ ತಿಂಗಳಲ್ಲೇ ಕಾನೂನು ಬಂತು. ಸರ್ಕಾರಿ ಕೆಲಸಗಳಲ್ಲಿದ್ದ ಯಹೂದಿಗಳನ್ನು ತೆಗೆದುಹಾಕುವ ಕಾನೂನು. ಆರ್ಕೆಸ್ಟ್ರಾಗಳು, ಒಪೆರಾ ಮನೆಗಳು, ಸಂಗೀತ ಶಾಲೆಗಳು ಬಹುಪಾಲು ಸರ್ಕಾರದವೇ. ಇಪ್ಪತ್ತು, ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ನುಡಿಸಿದವರು ಬೀದಿಗೆ ಬಿದ್ದರು.

ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ನಿರ್ದೇಶಕ ಫುರ್ಟ್‌ವೆಂಗ್ಲರ್ ಅವರಿಗೆ ಇದು ಸರಿಬರಲಿಲ್ಲ. ಕೆಲವು ದೊಡ್ಡ ಯಹೂದಿ ಕಲಾವಿದರನ್ನಾದರೂ ಕರೆಯಲು ಅನುಮತಿ ಪಡೆದು ಹುಬರ್ಮನ್‌ಗೆ ಆಹ್ವಾನ ಕಳಿಸಿದರು. ಈಗ ಹುಬರ್ಮನ್ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಂಡು ಯೋಚಿಸಿ. ಜರ್ಮನಿ ಎಂದರೆ ಬಾಖ್, ಬೀಥೋವನ್, ಬ್ರಾಮ್ಸ್ ಅವರ ನೆಲ, ಈ ಸಂಗೀತದ ತವರುಮನೆ. ಅತಿ ದೊಡ್ಡ ವೇದಿಕೆ, ಅತಿ ತಿಳಿದ ಕೇಳುಗರು. ಕರೆಯುತ್ತಿರುವವರು ಕೆಟ್ಟವರಲ್ಲ, ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಿದ್ದಾರೆ. ಹೋಗಿ ನುಡಿಸಿದರೆ ಯಹೂದಿಯೂ ನುಡಿಸಿದ ಎಂದು ತೋರಿಸಿದಂತಾಗುವುದಿಲ್ಲವೇ?

ಹುಬರ್ಮನ್ ಒಪ್ಪಲಿಲ್ಲ. ಉತ್ತರದ ಸಾರಾಂಶ ಇದು: ನನ್ನಂಥ ಒಬ್ಬಿಬ್ಬರು ಪ್ರಸಿದ್ಧರಿಗೆ ಬಾಗಿಲು ತೆರೆದರೆ ಉಳಿದವರಿಗೆ ಆದ ಅನ್ಯಾಯ ಮುಚ್ಚಿಹೋಗುತ್ತದೆ. ಇದು ಪಿಟೀಲು ಕಾನ್ಸರ್ಟೋದ ಪ್ರಶ್ನೆಯೂ ಅಲ್ಲ, ಯಹೂದಿಗಳದ್ದೊಂದೇ ಪ್ರಶ್ನೆಯೂ ಅಲ್ಲ. ಮನುಷ್ಯ ಸ್ವತಂತ್ರವಾಗಿ ಯೋಚಿಸಬಹುದೇ ಎಂಬ, ಯುರೋಪಿನ ಸಂಸ್ಕೃತಿಯ ಬುಡಕ್ಕೇ ಸೇರಿದ ಪ್ರಶ್ನೆ. ಈ ಪತ್ರವನ್ನು ಅವರು ಬಹಿರಂಗಪಡಿಸಿದರು. ಅಲ್ಲಿಗೆ ಜರ್ಮನಿಯ ಬಾಗಿಲು ಮುಚ್ಚಿತು. ಮುಚ್ಚಿಕೊಂಡವರು ಅವರೇ.

ಅಲ್ಲಿಗೆ ನಿಂತಿದ್ದರೆ ಅದೊಂದು ಒಳ್ಳೆಯ ಪ್ರತಿಭಟನೆ ಎನ್ನಿಸಿಕೊಳ್ಳುತ್ತಿತ್ತು. ಆದರೆ ಬೀದಿಗೆ ಬಿದ್ದ ಆ ವಾದ್ಯಗಾರರ ಗತಿ? ತನ್ನ ಪತ್ರದಿಂದ ಅವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಲ್ಲ! ಈ ಯೋಚನೆ ಹುಬರ್ಮನ್ ಅವರನ್ನು ಬಿಡಲಿಲ್ಲ.

ಒಂದೇ ವರ್ಷ, ಮೂರು ದಿನಗಳು

1936. ಈ ವರ್ಷವನ್ನು ನೆನಪಿಟ್ಟುಕೊಳ್ಳಿ.

ಫೆಬ್ರವರಿ 28. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಚೇರಿ. ಹುಬರ್ಮನ್ ಬಳಿ ಎರಡು ಪಿಟೀಲು, ಒಂದು ಗ್ವಾರ್ನೇರಿ, ಇನ್ನೊಂದು ಸ್ಟ್ರಾಡಿವಾರಿ. ಎರಡೂ ಇಟಲಿಯ ಕ್ರೆಮೋನಾ ಊರಿನ ಮಹಾ ಕುಶಲಕರ್ಮಿಗಳ ಮನೆತನದವು. ಸ್ಟ್ರಾಡಿವಾರಿ 1713ರಲ್ಲಿ ಮಾಡಿದ್ದು. ಅದನ್ನು 1919ರಲ್ಲೇ ಒಮ್ಮೆ ವಿಯೆನ್ನಾದ ಹೋಟೆಲಿನಿಂದ ಕದ್ದಿದ್ದರು, ಕೆಲವೇ ದಿನದಲ್ಲಿ ಸಿಕ್ಕಿತ್ತು. ಈ ಸಲ ಹುಬರ್ಮನ್ ಗ್ವಾರ್ನೇರಿ ಹಿಡಿದು ವೇದಿಕೆಯ ಮೇಲಿದ್ದಾಗ, ಒಳಗೆ ಕೋಣೆಯಲ್ಲಿದ್ದ ಸ್ಟ್ರಾಡಿವಾರಿ ಮಾಯವಾಯಿತು. ಅವರು ಬದುಕಿರುವವರೆಗೂ ಅದು ಮತ್ತೆ ಕಣ್ಣಿಗೆ ಬೀಳಲಿಲ್ಲ. ಲಾಯ್ಡ್ಸ್ ವಿಮೆಯವರು 30,000 ಡಾಲರ್ ಕೊಟ್ಟರು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಲ್ಲದ ಕೆಳಗೆ ಇಟ್ಟುಕೊಂಡ ವಾದ್ಯಕ್ಕೆ ಯಾವ ವಿಮೆ ಸಮ?

ಮಾರ್ಚ್ 7. ಪಿಟೀಲು ಹೋಗಿ ಹತ್ತು ದಿನವೂ ಆಗಿರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಹುಬರ್ಮನ್ ಅವರ ಬಹಿರಂಗ ಪತ್ರ ಪ್ರಕಟವಾಯಿತು. ಬರೆದದ್ದು ಜರ್ಮನಿಯ ಬುದ್ಧಿವಂತರಿಗೆ. ನಾಜಿಗಳಲ್ಲದ, ಒಳ್ಳೆಯವರೇ ಆದ, ಆದರೆ ಎಲ್ಲ ನೋಡಿಕೊಂಡು ಸುಮ್ಮನಿದ್ದ ಜನರಿಗೆ. ತಪ್ಪಿತಸ್ಥರ ಸಾಲಿನಲ್ಲಿ ನೀವೂ ಇದ್ದೀರಿ ಎಂದು ನೇರವಾಗಿ ಹೇಳಿದರು.

ಡಿಸೆಂಬರ್ 26. ಟೆಲ್ ಅವೀವ್. ಹುಬರ್ಮನ್ ಕಟ್ಟಿದ ಹೊಸ ಆರ್ಕೆಸ್ಟ್ರಾದ ಮೊದಲ ಕಚೇರಿ. ಅದರ ಹೆಸರು ಪ್ಯಾಲೆಸ್ಟೈನ್ ಆರ್ಕೆಸ್ಟ್ರಾ.

ಆರ್ಕೆಸ್ಟ್ರಾ ಕಟ್ಟಿದ ಬಗೆ

ಪ್ಯಾಲೆಸ್ಟೈನ್ ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಅಲ್ಲಿ ನೆಲೆಸಲು ವಲಸೆ ಪರವಾನಗಿ ಬೇಕು. ಅದಕ್ಕೆ ಮಿತಿ ಇತ್ತು, ನೂರೆಂಟು ಷರತ್ತು ಇತ್ತು. 1936ರ ಏಪ್ರಿಲ್‌ನಲ್ಲಿ ಅಲ್ಲಿನ ಅರಬ್ಬರ ಮುಷ್ಕರ, ದಂಗೆ ಶುರುವಾದ ಮೇಲೆ ಇನ್ನಷ್ಟು ಬಿಗಿಯಾಯಿತು. (ಆ ನೆಲ ಯಾರದ್ದು ಎಂಬ ಜಗಳ ಇಂದಿಗೂ ಮುಗಿದಿಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ.) ಹುಬರ್ಮನ್ 1929ರಲ್ಲಿ ಮೊದಲ ಸಲ ಅಲ್ಲಿಗೆ ಹೋದಾಗಲೇ ಜನರ ಸಂಗೀತದ ಹಸಿವನ್ನು ಕಂಡಿದ್ದರು. ಅಲ್ಲಿ ಒಳ್ಳೆಯ ಆರ್ಕೆಸ್ಟ್ರಾ ಒಂದು ಬೇಕಿತ್ತು. ಇತ್ತ ಜರ್ಮನಿಯಲ್ಲಿ ಒಳ್ಳೆಯ ವಾದ್ಯಗಾರರು ಕೆಲಸವಿಲ್ಲದೆ ಕುಳಿತಿದ್ದರು. ಎರಡನ್ನೂ ಸೇರಿಸಿದರೆ?

ಹೇಳಲು ಸುಲಭ. ದುಡ್ಡು ಬೇಕು. ಹುಬರ್ಮನ್ ಊರೂರು ಸುತ್ತಿ ಕಚೇರಿ ಕೊಟ್ಟು ಕೂಡಿಸಿದರು, ಸಿರಿವಂತರ ಮನೆ ಬಾಗಿಲು ತಟ್ಟಿದರು. ಅಮೆರಿಕದಲ್ಲಿ ಹಣ ಎತ್ತಲು ಸ್ವತಃ ಆಲ್ಬರ್ಟ್ ಐನ್‌ಸ್ಟೈನ್ ಬೆನ್ನಿಗೆ ನಿಂತರು. (ಅವರೂ ಪಿಟೀಲು ನುಡಿಸುತ್ತಿದ್ದರು ಎನ್ನುವುದು ನೆನಪಿದೆಯಲ್ಲ!) ಆಮೇಲೆ ವಾದ್ಯಗಾರರ ಆಯ್ಕೆ. ಯುರೋಪಿನ ಹಲವು ಊರುಗಳಲ್ಲಿ ಪರೀಕ್ಷೆ ನಡೆಸಿ ಸುಮಾರು 70 ಜನರನ್ನು ಆರಿಸಿದರು. ಒಬ್ಬ ವಾದ್ಯಗಾರ ಆಯ್ಕೆಯಾದರೆ ಅವನ ಹೆಂಡತಿ ಮಕ್ಕಳಿಗೂ ದಾರಿ ತೆರೆಯಿತು. ಹೀಗೆ ಆಗ ಯುರೋಪ್ ಬಿಟ್ಟು ಬದುಕಿ ಉಳಿದವರು ಸುಮಾರು ಸಾವಿರ ಜನ ಎಂದು ಅಂದಾಜು.

ಇಲ್ಲಿ ಒಂದು ಕಷ್ಟದ ಮಾತಿದೆ. ಹುಬರ್ಮನ್ ಕಟ್ಟಲು ಹೊರಟದ್ದು ಧರ್ಮಛತ್ರವನ್ನಲ್ಲ, ಜಗತ್ತಿನ ಉತ್ತಮ ಆರ್ಕೆಸ್ಟ್ರಾಗಳ ಸಾಲಿನಲ್ಲಿ ನಿಲ್ಲುವಂಥದ್ದನ್ನು. ಕನಿಕರಕ್ಕೆ ಕರೆದುಕೊಂಡರು ಅನ್ನಿಸಿಕೊಳ್ಳಬಾರದು, ಯೋಗ್ಯತೆಯಿಂದ ಬಂದರು ಅನ್ನಿಸಿಕೊಳ್ಳಬೇಕು. ಹಾಗಾಗಿ ಚೆನ್ನಾಗಿ ನುಡಿಸಿದವರಿಗೆ ಮಾತ್ರ ಜಾಗ. ಅಂದರೆ ಪರೀಕ್ಷೆಯ ದಿನ ಕೈ ನಡುಗಿದ ಒಬ್ಬರು, ಸ್ವಲ್ಪ ಕಡಿಮೆ ನುಡಿಸಿದ ಇನ್ನೊಬ್ಬರು ಹಿಂದೆ ಉಳಿದರು. ಮುಂದೆ ಏನು ಕಾದಿದೆ ಎಂದು 1936ರಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಇಂದು ನಮಗೆ ಗೊತ್ತು. ಹುಬರ್ಮನ್ ಹುಟ್ಟಿದ ಚೆಂಸ್ಟೊಹೋವಾದ ಯಹೂದಿಗಳನ್ನೇ 1942ರಲ್ಲಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದರು. ಉಳಿಸಿದ ಸಾವಿರ ಜನರ ಲೆಕ್ಕ ಓದುವಾಗ ಉಳಿಯದವರ ನೆನಪೂ ಇರಬೇಕಾಗುತ್ತದೆ.

ಆರ್ಕೆಸ್ಟ್ರಾಕ್ಕೆ ತಾಲೀಮು ಕೊಟ್ಟವರು ವಿಲಿಯಂ ಸ್ಟೈನ್‌ಬರ್ಗ್, ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ನಿರ್ದೇಶಕರು. ಮೊದಲ ಕಚೇರಿಗೆ ಕಂಡಕ್ಟರ್ ಆಗಿ ಬಂದವರು ಆರ್ಟುರೋ ಟೊಸ್ಕನೀನಿ. (ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿದರೆ, ಈ ಕಂಡಕ್ಟರ್ ಕೈಯಲ್ಲಿ ಸಣ್ಣ ಕಡ್ಡಿ ಹಿಡಿದು ಇಡೀ ಆರ್ಕೆಸ್ಟ್ರಾವನ್ನು ನಡೆಸುತ್ತಾರೆ.) ಇಟಲಿಯ ಟೊಸ್ಕನೀನಿ ಆ ಕಾಲದ ಅತಿ ಪ್ರಸಿದ್ಧ ಕಂಡಕ್ಟರ್, ಅತಿ ಸಿಟ್ಟಿನ ಮನುಷ್ಯ ಕೂಡ! ಅವರು ಯಹೂದಿ ಅಲ್ಲ. ಆದರೆ 1933ರಲ್ಲಿ ಹಿಟ್ಲರನ ಜರ್ಮನಿಯ ಬಾಯ್‌ರಾಯ್ಟ್ ಉತ್ಸವಕ್ಕೆ ಬರುವುದಿಲ್ಲ ಎಂದಿದ್ದರು. ಹುಬರ್ಮನ್ ಕರೆದಾಗ 69ರ ವಯಸ್ಸಿನಲ್ಲಿ ಬಂದರು. ಸಂಭಾವನೆ ಬೇಡ ಎಂದರು, ದಾರಿ ಖರ್ಚೂ ಬೇಡ ಎಂದರು.

ಟೆಲ್ ಅವೀವ್‌ನ ವಸ್ತುಪ್ರದರ್ಶನದ ಸಭಾಂಗಣದಲ್ಲಿ ಸುಮಾರು ಮೂರು ಸಾವಿರ ಜನ ಸೇರಿದರು. ಬ್ರಾಮ್ಸ್ ಎರಡನೇ ಸಿಂಫನಿ, ಶೂಬರ್ಟನ ಅಪೂರ್ಣ ಸಿಂಫನಿ, ಜೊತೆಗೆ ಮೆಂಡೆಲ್ಸನ್. ಮೆಂಡೆಲ್ಸನ್ ಯಹೂದಿ ಮನೆತನದವನು, ಜರ್ಮನಿಯಲ್ಲಿ ಅವನ ಸಂಗೀತವನ್ನು ಮೂಲೆಗೆ ತಳ್ಳಿದ್ದರು. ಹೊರಹಾಕಿದ ಜನ, ಹೊರಹಾಕಿದ ಸಂಗೀತವನ್ನು, ಹೊಸ ಊರಿನಲ್ಲಿ ನುಡಿಸಿದರು.

ನಾವೂ ಊರು ಬಿಟ್ಟು ಬಂದವರೇ. ಕೆಲಸಕ್ಕೋ ಓದಿಗೋ ಮದುವೆಗೋ ಬಂದೆವು, ಬೇಕೆಂದಾಗ ರೈಲು ಹತ್ತಿ ಊರಿಗೆ ಹೋಗಿಬರುತ್ತೇವೆ. ಹಾಗೆ ಹೋಗಲು ಊರೇ ಇಲ್ಲದವರ ಆರ್ಕೆಸ್ಟ್ರಾ ಅದು.

ಮುರಿದ ಬೆರಳು

ಮರುವರ್ಷವೇ ಇನ್ನೊಂದು ಪೆಟ್ಟು. 1937ರಲ್ಲಿ ಸುಮಾತ್ರಾ ದ್ವೀಪದಲ್ಲಿ ಹುಬರ್ಮನ್ ಇದ್ದ ವಿಮಾನ ಅಪಘಾತಕ್ಕೀಡಾಯಿತು. ಜೀವ ಉಳಿಯಿತು. ಆದರೆ ಎಡಗೈ ಮಣಿಕಟ್ಟು ಮುರಿಯಿತು, ಎರಡು ಬೆರಳು ಮುರಿದವು. ಪಿಟೀಲಿನಲ್ಲಿ ಎಡಗೈ ಬೆರಳುಗಳೇ ಸ್ವರ ಹುಟ್ಟಿಸುವುದು, ಕೂದಲೆಳೆಯಷ್ಟು ಆಚೀಚೆಯಾದರೂ ಶ್ರುತಿ ಕೆಡುತ್ತದೆ. ಐವತ್ತೈದರ ಹತ್ತಿರದ ವಯಸ್ಸು. ಬೇರೆಯವರಾಗಿದ್ದರೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಹುಬರ್ಮನ್ ಎಳೆಯ ಮಕ್ಕಳಂತೆ ಮೊದಲಿನಿಂದ ಸಾಧನೆ ಮಾಡಿ ಸುಮಾರು ವರ್ಷದಲ್ಲಿ ಮತ್ತೆ ವೇದಿಕೆ ಹತ್ತಿದರು! ಎರಡನೇ ಮಹಾಯುದ್ಧದ ವರ್ಷಗಳು ಬಹುಪಾಲು ಅಮೆರಿಕದಲ್ಲಿ ಕಳೆದವು. ಯುದ್ಧ ಮುಗಿದ ಮೇಲೆ ಯುರೋಪಿಗೆ ಮರಳಿದರು. ಆದರೆ ದೇಹ ದಣಿದಿತ್ತು. 1947ರ ಜೂನ್ 16ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. 64 ವರ್ಷ.

ಕಳುವಾದ ಪಿಟೀಲು ಏನಾಯಿತು?

ನೀವು ಕೇಳಿಯೇ ಕೇಳುತ್ತೀರಿ ಎಂದು ಗೊತ್ತು! ಕೇಳಿ. ಆ ಸ್ಟ್ರಾಡಿವಾರಿ ಸೇರಿದ್ದು ಜೂಲಿಯನ್ ಆಲ್ಟ್‌ಮನ್ ಎಂಬ ನ್ಯೂಯಾರ್ಕಿನ ಯುವಕನ ಕೈಗೆ, ಹೋಟೆಲು ಕ್ಲಬ್ಬುಗಳಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನು. ತಾನೇ ಕದ್ದನೋ, ಕದ್ದವನಿಂದ ನೂರು ಡಾಲರಿಗೆ ಕೊಂಡನೋ, ಎರಡೂ ಕತೆ ಇದೆ. ಗುರುತು ಸಿಗದಿರಲಿ ಎಂದು ಬೂಟ್ ಪಾಲಿಶ್ ಬಳಿದು ಕಪ್ಪು ಮಾಡಿದ. ಹಾಗೇ ಐವತ್ತು ವರ್ಷ ನುಡಿಸಿದ! ವಾಷಿಂಗ್ಟನ್ನಿನ ನ್ಯಾಷನಲ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಕುಳಿತು ಕೂಡ ನುಡಿಸಿದ. ಪಕ್ಕದಲ್ಲಿದ್ದವರಿಗೆ ತಿಳಿಯಲೇ ಇಲ್ಲ.

1985ರಲ್ಲಿ ಸಾಯುವ ಹೊತ್ತಿಗೆ, ಪಿಟೀಲಿನ ಪೆಟ್ಟಿಗೆ ತೆಗೆದು ನೋಡು ಎಂದು ಹೆಂಡತಿಗೆ ಹೇಳಿದ. ಪೆಟ್ಟಿಗೆಯ ಹೊದಿಕೆಯ ಒಳಗೆ ಹಳೆಯ ಪತ್ರಿಕೆಗಳ ತುಣುಕುಗಳಿದ್ದವು, ಎಲ್ಲ 1936ರ ಕಳ್ಳತನದ ಸುದ್ದಿ. 1987ರಲ್ಲಿ ಪಿಟೀಲು ಲಾಯ್ಡ್ಸ್ ಕೈಸೇರಿತು. ಲಂಡನ್ನಿನಲ್ಲಿ ತಿಂಗಳುಗಟ್ಟಲೆ ಉಜ್ಜಿ ಪಾಲಿಶ್ ಕಳೆದರು. ಅಮಾಡಿಯಸ್ ಕ್ವಾರ್ಟೆಟ್‌ನ ನಾರ್ಬರ್ಟ್ ಬ್ರೈನಿನ್ ಅದನ್ನು ಕೊಂಡರು. ಅವರಿಂದ 2001ರಲ್ಲಿ ಅಮೆರಿಕದ ಜೋಶುವಾ ಬೆಲ್ ಸುಮಾರು 40 ಲಕ್ಷ ಡಾಲರಿಗೆ ಕೊಂಡರು. 2009ರಲ್ಲಿ ಬೆಲ್ ಅದೇ ಪಿಟೀಲು ಹಿಡಿದು ಚೆಂಸ್ಟೊಹೋವಾಕ್ಕೆ ಹೋಗಿ ಬ್ರಾಮ್ಸ್ ಕಾನ್ಸರ್ಟೋ ನುಡಿಸಿದರು. ಅಲ್ಲಿನ ಫಿಲ್‌ಹಾರ್ಮೋನಿಕ್ ಸಭಾಂಗಣ ಇರುವುದು ನಾಜಿಗಳ ಕಾಲದಲ್ಲಿ ಸುಟ್ಟುಹೋದ ಯಹೂದಿ ಪ್ರಾರ್ಥನಾ ಮಂದಿರದ ಜಾಗದಲ್ಲಿ. ಇಂದು ಆ ಸಂಸ್ಥೆಗೆ ಹುಬರ್ಮನ್ ಹೆಸರಿದೆ.

ಮುಂಬೈ ನಂಟು

ಮುಂಬೈ ಕೇಳುಗರೇ, ಇದು ನಿಮಗೆ. 1936ರ ಏಪ್ರಿಲ್‌ನಲ್ಲಿ, ಹುಬರ್ಮನ್ ಆರ್ಕೆಸ್ಟ್ರಾಕ್ಕೆ ಜನ ಕೂಡಿಸುತ್ತಿದ್ದ ದಿನಗಳಲ್ಲೇ, ಬೊಂಬಾಯಿಯ ಪಾರ್ಸಿ ಮನೆಯೊಂದರಲ್ಲಿ ಗಂಡು ಮಗು ಹುಟ್ಟಿತು. ತಂದೆ ಮೆಹಲಿ ಮೆಹ್ತಾ ಪಿಟೀಲುಗಾರರು, ಹಿಂದಿನ ವರ್ಷವಷ್ಟೇ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ದವರು. ಮಗನೇ ಜೂಬಿನ್ ಮೆಹ್ತಾ. ಪ್ಯಾಲೆಸ್ಟೈನ್ ಆರ್ಕೆಸ್ಟ್ರಾ 1948ರ ನಂತರ ಇಸ್ರೇಲ್ ಫಿಲ್‌ಹಾರ್ಮೋನಿಕ್ ಆಯಿತು. 1969ರಲ್ಲಿ ಜೂಬಿನ್ ಅದರ ಸಂಗೀತ ಸಲಹೆಗಾರರಾದರು, 1977ರಲ್ಲಿ ಸಂಗೀತ ನಿರ್ದೇಶಕರಾದರು. 2019ರಲ್ಲಿ ಆ ಸ್ಥಾನ ಬಿಡುವವರೆಗೆ ಐವತ್ತು ವರ್ಷ ಅದರ ಮುಂದೆ ಕಡ್ಡಿ ಹಿಡಿದು ನಿಂತವರು ನಮ್ಮ ಮುಂಬೈನವರು! ಅದೇ ಆರ್ಕೆಸ್ಟ್ರಾವನ್ನು ಅವರು ತಮ್ಮ ಹುಟ್ಟೂರಿಗೂ ಕರೆತಂದಿದ್ದಾರೆ.

ಎಲ್ಲಿಂದ ಕೇಳುವುದು?

ಕೊನೆಗೆ, ರೇಡಿಯೋದವರ ಮಾತು ಕಿವಿಯಲ್ಲೇ ಮುಗಿಯಬೇಕು. ಹುಬರ್ಮನ್ ರೆಕಾರ್ಡುಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಮೊದಲು ಚೈಕೋವ್‌ಸ್ಕಿ ಕಾನ್ಸರ್ಟೋ ಹುಡುಕಿ. ಬರ್ಲಿನ್ನಿನಲ್ಲಿ ರೆಕಾರ್ಡ್ ಆದದ್ದು, ವರ್ಷ 1928. ಕಂಡಕ್ಟರ್ ಯಾರು ಗೊತ್ತೇ? ಮುಂದೆ ಅವರ ಆರ್ಕೆಸ್ಟ್ರಾಕ್ಕೆ ತಾಲೀಮು ಕೊಟ್ಟ ಅದೇ ಸ್ಟೈನ್‌ಬರ್ಗ್! ಆಮೇಲೆ 1934ರ ಬೀಥೋವನ್ ಕಾನ್ಸರ್ಟೋ, ಜಾರ್ಜ್ ಸೆಲ್ ಮತ್ತು ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ. ಕೊನೆಗೆ 1944ರಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ಬ್ರಾಮ್ಸ್. ಹದಿಮೂರರಲ್ಲಿ ಬ್ರಾಮ್ಸ್ ಎದುರು ನುಡಿಸಿದ ಕೃತಿಯನ್ನೇ, ಮುರಿದು ಕೂಡಿದ ಬೆರಳುಗಳಿಂದ ಅರವತ್ತೊಂದರಲ್ಲಿ ನುಡಿಸಿದ್ದು.

ಒಂದು ಎಚ್ಚರಿಕೆ. ಇವು 78 ಸುತ್ತಿನ ತಟ್ಟೆಗಳ ಕಾಲದವು. ಒಂದು ಮುಖದಲ್ಲಿ ನಾಲ್ಕು, ನಾಲ್ಕೂವರೆ ನಿಮಿಷವಷ್ಟೇ ಹಿಡಿಯುತ್ತಿತ್ತು. ಅಲ್ಲಲ್ಲಿ ಸಿಕ್ಕಿಸಿದ ಜೋಡಣೆ, ಎಣ್ಣೆ ಸಿಡಿದಂಥ ಚಟಪಟ ಸದ್ದು ಇದ್ದೇ ಇರುತ್ತದೆ. ಐದು ನಿಮಿಷ ತಾಳ್ಮೆ ಇಡಿ, ಸದ್ದು ತಾನೇ ಹಿಂದೆ ಸರಿಯುತ್ತದೆ, ಪಿಟೀಲು ಮುಂದೆ ಬರುತ್ತದೆ. ದನಿ ಎಲ್ಲಿ ಒರಟಾಗುತ್ತದೆ, ಎಲ್ಲಿ ಪಿಸುಗುಡುತ್ತದೆ, ಬೆರಳು ಎಲ್ಲಿ ಜಾರುತ್ತದೆ ಎಂದು ಗಮನಿಸಿ. ತನ್ನ ನಾದ ಚೆಂದ ಕಾಣಿಸಲಿ ಎಂಬ ಚಿಂತೆ ಆ ಮನುಷ್ಯನಿಗಿರಲಿಲ್ಲ, ಹೇಳಬೇಕಾದ್ದನ್ನು ಹೇಳಿಬಿಡಬೇಕು ಎಂಬ ಹಟ ಮಾತ್ರ ಇತ್ತು. ಪಿಟೀಲಿನಲ್ಲೂ ಹಾಗೆ, ಪತ್ರದಲ್ಲೂ ಹಾಗೆ.

ಕೇಳಿ ನೋಡಿ, ಹೇಗನ್ನಿಸಿತೆಂದು ಬರೆದು ತಿಳಿಸಿ. ಮನೆಯಲ್ಲಿ ಪಿಟೀಲು ಕಲಿಯುವ ಮಕ್ಕಳಿದ್ದರೆ ಅವರಿಗೂ ಕೇಳಿಸಿ.